ಮೂರು ಕಲ್ಲಿನ ಗುರುತು

ಬೆಳಿಗ್ಗೆ ಒಮಾನಿನ ಸಲಾಲಾದ ಹಿನ್ನೀರಿನಲ್ಲಿ ರಾಜಹಂಸ ತೋರಿಸಿ, ಮಧ್ಯಾಹ್ನ ಕಣಿವೆಯ ಹೆಮ್ಮರಗಳ ಕೆಳಗೆ ಫೋಟೊ ತೆಗೆಸಿ, ಈಗ ಬೆಟ್ಟದ ದಾರಿಯಲ್ಲಿ ಕಾರು ಹತ್ತಿಸುವಾಗ ಮುಸ್ತಹೈಲನಿಗೆ ಮಾತೇ ಬೇಡವಾಗಿತ್ತು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಹಿಂದಿನ ಸೀಟಿನಲ್ಲಿದ್ದ ಹಾಲೆಂಡಿನ ದಂಪತಿ ಚಿರತೆ ಎಲ್ಲಿ ಎಂದು ಏಳನೆಯ ಸಲ ಕೇಳಿದ್ದರು. ಚಿರತೆಯನ್ನು ಅವನೇ ಕಂಡು ಹತ್ತು ವರ್ಷವಾಗಿತ್ತು. ಅದೇನು ಮನೆಯ ಮೇಕೆಯೇ, ಕರೆದ ಕೂಡಲೇ ಬರಲು? ಮಳೆಗಾಲ ಮುಗಿದು ಬೆಟ್ಟದ ಹುಲ್ಲು ಒಣಗುತ್ತಿತ್ತು, ಪ್ರವಾಸಿಗರ ಕಾಲ ಈಗಷ್ಟೇ ಶುರುವಾಗಿತ್ತು. ಅವನ ಮಂಡಿಗಳು ಆಗಲೇ ಸಾಕಪ್ಪಾ ಸಾಕು ಎನ್ನುತ್ತಿದ್ದವು.

ಈ ಬೆಟ್ಟದಲ್ಲಿ ಅವನ ಮನಸ್ಸು ಇನ್ನೂ ಅಂಟಿಕೊಂಡಿದ್ದ ಪ್ರಾಣಿಯೆಂದರೆ ಕತ್ತೆಕಿರುಬ. ಅದನ್ನು ತೋರಿಸು ಎಂದು ಯಾವ ಪ್ರವಾಸಿಯೂ ಕೇಳಿದ್ದಿಲ್ಲ. ಕುರೂಪಿ, ಮೈಯೆಲ್ಲ ನಾತ, ಹೆಣ ತಿನ್ನುವ ಜಾತಿ. ಕಂಡಲ್ಲೇ ಹೊಡೆದು ಹಾಕುವುದು ಇಲ್ಲಿಯವರ ರೂಢಿ. ತಿಂಗಳ ಹಿಂದೆ ಮೇಲಿನ ಗವಿಯೊಂದರಲ್ಲಿ ಕತ್ತೆಕಿರುಬ ಮರಿ ಹಾಕಿದ್ದನ್ನು ನೋಡಿದಾಗ ಅವನ ಕರುಳು ಚುರುಕ್ಕೆಂದಿತು. ಕಾವಲು ಕೂರಲು ಪುರುಸೊತ್ತಿಲ್ಲ. ಯಾರ ಕಿವಿಗೆ ಬಿದ್ದರೂ ಸಂಜೆಯೊಳಗೆ ಮರಿಗಳ ಕತೆ ಮುಗಿಯಿತು. ಕೊನೆಗೆ ಗವಿಯ ಬಾಯಲ್ಲಿ ಒಂದರ ಮೇಲೊಂದು ಮೂರು ಕಲ್ಲಿಟ್ಟು ಬಂದ. ಒಳಗೆ ಜೇನಿದೆ, ಮೊದಲು ಕಂಡವನು ನಾನು ಎಂಬುದರ ಗುರುತು ಅದು. ಜೋಡಿಸಿದ ರೀತಿ ನೋಡಿಯೇ ಇಂಥವನ ಕಲ್ಲು ಎಂದು ಬೆಟ್ಟದವರು ಹೇಳಬಲ್ಲರು. ಅಂಥ ಗವಿಗೆ ಕೈ ಹಾಕುವುದಿರಲಿ, ಇಣುಕಿ ನೋಡುವುದೂ ಮರ್ಯಾದಸ್ಥರ ಲಕ್ಷಣವಲ್ಲ.

ದಾರಿಯಲ್ಲಿ ಸೋದರಮಾವ ಬಖೀತ್ ತನ್ನ ಒಂಟೆಗಳೊಂದಿಗೆ ಸಿಕ್ಕಿದ. ಎಪ್ಪತ್ತು ದಾಟಿದ ಮುದುಕ, ಅವನ ಕೈಯಿಂದ ಹಾಲು ಕುಡಿಯದೆ ಯಾರೂ ಮುಂದೆ ಹೋಗುವಂತಿಲ್ಲ. ನೊರೆಹಾಲಿನ ಬಟ್ಟಲು ಹಿಡಿದು ದಂಪತಿ ಮುಖ ಮುಖ ನೋಡಿಕೊಂಡಿದ್ದಕ್ಕೆ ಅವನಿಗೆ ನಗು. ಪಟ್ಟಣದಲ್ಲಿದ್ದೂ ಇದ್ದೂ ಬಿಸಿಲಿಗೆ ಹರವಿದ ಮೀನಿನ ಹಾಗಾಗಿದ್ದೀಯ ಎಂದು ಅಳಿಯನನ್ನೂ ಛೇಡಿಸಿದ. ಆಮೇಲೆ ಹತ್ತಿರ ಸರಿದು ಕೂತ.

"ಜೇನಿನ ಚಿಂತೆ ಬಿಡು, ಅಳಿಯಾ. ಗವಿ ಮುಂದೆ ಜೇನು ಕದಿಯೋ ತರಕರಡಿ ಮಣ್ಣು ಕೆದರಿತ್ತು. ಹಾಳಾದ್ದು ಒಂದು ತಟ್ಟೀನೂ ಉಳಿಸಲ್ಲ. ಮೊನ್ನೆ ಸಂಜೆ ಮೇಲಿಂದ ಬಂಡೆ ಉರುಳಿಸಿ ಬಾಯಿ ಮುಚ್ಚಿದೀನಿ. ಹುಳ ಓಡಾಡೋಕೆ ಬೆರಳಗಲ ಸಂದು ಬಿಟ್ಟಿದೀನಿ. ಒಳಗೆ ನೋಡಿಲ್ಲಪ್ಪ, ಮುಖ ಆ ಕಡೆ ತಿರುಗಿಸ್ಕೊಂಡೇ ಮುಚ್ಚಿದ್ದು."

ಮುಸ್ತಹೈಲ್ ಹಾಲಿನ ಬಟ್ಟಲು ಕೆಳಗಿಟ್ಟ. ಮೊನ್ನೆ ಸಂಜೆ ಎಂದರೆ ತಾಯಿ ಆಹಾರ ಹುಡುಕಿ ಹೊರಟ ಹೊತ್ತು. ಮರಿಗಳು ಎರಡು ದಿನದಿಂದ ಹಸಿದಿವೆ. ಬಂಡೆ ಸರಿಸುವುದು ಒಬ್ಬನ ಕೈಲಾಗುವ ಕೆಲಸವಲ್ಲ. ಬಾಯಿ ಬಿಟ್ಟರೆ ಮಾನ ಹೋಗುತ್ತದೆ. ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯದೆ ಎಲ್ಲ ಮುಗಿದುಹೋಗುತ್ತದೆ. ದಣಿದ ಮೈಗೆ ಸುಮ್ಮನಿರುವುದೇ ಹಿತವಾಗಿ ಕಂಡಿತು, ಅದಕ್ಕೆ ಅವನಿಗೇ ನಾಚಿಕೆಯಾಯಿತು.

"ಮಾವ, ಅಲ್ಲಿ ಜೇನಿಲ್ಲ," ಎಂದ. "ಕತ್ತೆಕಿರುಬದ ಮರಿ ಇದಾವೆ. ಅದಕ್ಕೇ ಕಲ್ಲಿಟ್ಟೆ."

ಹೋದ ವರ್ಷ ಆಗತಾನೇ ಹುಟ್ಟಿದ ಒಂಟೆಮರಿಯನ್ನು ಕತ್ತೆಕಿರುಬದ ಬಾಯಿಗೆ ಕೊಟ್ಟಿದ್ದ ಮುದುಕ ಎದ್ದು ನಿಂತ. ಕಾರಿನಿಂದ ಕಬ್ಬಿಣದ ಸಲಾಕೆ ತೆಗೆದುಕೊಂಡು ಮುಂದೆ ನಡೆದ. ದಂಪತಿ ಚಿರತೆಯೇ ಬಂತೆಂದು ಕ್ಯಾಮೆರಾ ಎತ್ತಿಕೊಂಡರು. ಅಲ್ಲ, ನೆರಳಲ್ಲಿ ಕೂತಿರಿ ಎಂದು ಹೇಳಿ ಮುಸ್ತಹೈಲ್ ಮಾವನ ಹಿಂದೆ ಓಡಿದ.

ಬಂಡೆಯ ಬುಡವನ್ನೆಲ್ಲ ತಾಯಿ ಕೆರೆದಿತ್ತು, ಅಲ್ಲಲ್ಲಿ ರಕ್ತ ಒಣಗಿತ್ತು. ಇಬ್ಬರೂ ಏದುಸಿರು ಬಿಡುತ್ತ ಮೀಟಿದರು. ಬಂಡೆ ಮಗ್ಗುಲಾದಾಗ ಒಳಗೆ ಮೂರು ಮರಿ. ಒಂದು ಸತ್ತಿತ್ತು. ಉಳಿದೆರಡು ತಲೆ ಎತ್ತಲಾರದೆ ಉಸಿರಾಡುತ್ತಿದ್ದವು. ಸಲಾಕೆ ಇನ್ನೂ ಮುದುಕನ ಕೈಯಲ್ಲೇ ಇತ್ತು. ಮುಸ್ತಹೈಲ್ ನಡುವೆ ಬಂದು ನಿಂತ.

"ಸರಿ, ಹೊಡೆಯಲ್ಲ," ಎಂದ ಬಖೀತ್. "ನಂಗೆ ಮೊದಲೇ ಹೇಳಿದ್ರೆ ಕೊಂದೇಬಿಡ್ತಿದ್ದೆ, ಅದು ನಿಜ. ಆದ್ರೆ ನೀನು ಕಲ್ಲಿನ ಕೈಲಿ ಸುಳ್ಳು ಹೇಳಿಸ್ಬಾರದಿತ್ತು ಕಣೋ."

ಮೂರು ಕಲ್ಲನ್ನೂ ಸಲಾಕೆಯಿಂದ ತಳ್ಳಿ ಕಣಿವೆಗೆ ಉರುಳಿಸಿ, ಊಟಕ್ಕೆ ಬಾ ಎಂದೂ ಕರೆಯದೆ ಇಳಿದು ಹೋದ. ರಾತ್ರಿ ತಾಯಿ ಬಂದು ಮರಿಗಳನ್ನು ಕಚ್ಚಿಕೊಂಡು ಹೋಯಿತು. ಎಲ್ಲಿಗೆಂದು ಮುಸ್ತಹೈಲ್ ಹುಡುಕಲಿಲ್ಲ. ಕಲ್ಲು ಯಾಕೆ ಬಿತ್ತು ಎಂದು ಕೇಳಿದವರಿಗೆ ಬಖೀತ್ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವನಿಗೆ ಬೇರೆ ಥರ ಹೇಳಲು ಬರುವುದಿಲ್ಲ.

ವಾರದ ನಂತರ ಬೇರೊಂದು ತಂಡವನ್ನು ಕರೆದುಕೊಂಡು ಮುಸ್ತಹೈಲ್ ಅದೇ ದಾರಿಯಲ್ಲಿ ಬಂದ. ಮೇಲಿನ ಬಿಸಿಲಲ್ಲಿ, ತನ್ನ ಸ್ವಂತ ಜೇನುಗವಿಯ ಮುಂದೆ, ತೊಡೆಯ ಮೇಲೆ ಕೋಲಿಟ್ಟುಕೊಂಡು ಬಖೀತ್ ಕೂತಿದ್ದ. ಅವನ ಕಲ್ಲುಗಳು ಪಕ್ಕದಲ್ಲೇ ಇದ್ದವು. ಆ ಮುದುಕ ಅಲ್ಲೇನು ಮಾಡುತ್ತಿದ್ದಾನೆ ಎಂದು ಹಿಂದಿನ ಸೀಟಿನಿಂದ ಯಾರೋ ಕೇಳಿದರು.

ಜೇನು ಕಾಯುತ್ತಿದ್ದಾರೆ ಎಂದ ಮುಸ್ತಹೈಲ್. ಹೋದ ವಾರದ ತನಕ ಇಲ್ಲಿ ಕಲ್ಲಿಟ್ಟ ಮೇಲೆ ಯಾರೂ ಜೇನು ಕಾಯುತ್ತಿರಲಿಲ್ಲ ಎಂಬುದನ್ನು ಹೇಳಲು ಅವನಿಗೆ ಬಾಯಿ ಬರಲಿಲ್ಲ.