ಗೇಟು ದಾಟಿದ ಸುದ್ದಿ

ಹೊತ್ತು ಇಳಿಯುತ್ತಿತ್ತು. ಮಲಪನಗುಡಿಯ ಆ ಮನೆಯ ಗೋಡೆಗೆ ಸಂಘಮಿತ್ರಾ ಜೋಡಿಸಿದ್ದ ಪುಟ್ಟ ದೀಪ ಇನ್ನೂ ಹಸಿರಾಗಿರಲಿಲ್ಲ.

ಹೊಸಪೇಟೆಯ ಔಷಧಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಅವಳೂ ಅವಳ ಕಾಲೇಜು ಗೆಳೆಯ ಪಂಪೇಶನೂ ಸೇರಿ ಶುರುಮಾಡಿದ್ದ ಸ್ಟಾರ್ಟಪ್ಪಿನ ಮೊದಲ ಸಾಧನ ಅದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಗುತ್ತಿಗೆ ಕೆಲಸಕ್ಕೆ ಹೋದವರು ಶಿಫ್ಟ್ ಮುಗಿಸಿ ಗೇಟಿನ ಹೊರಗೆ ಬಂದು ಜೇಬಿನಲ್ಲಿರುವ ಒಂದು ಗುಂಡಿ ಒತ್ತಿದರೆ ಮನೆಯ ದೀಪ ಹಸಿರಾಗುತ್ತದೆ. ಹೊತ್ತು ಮೀರಿದರೂ ಒತ್ತದಿದ್ದರೆ ಕೆಂಪಾಗುತ್ತದೆ. ಮೊದಲು ಬಳಸುವವರ ಕಷ್ಟ ತಿಳಿಯಬೇಕು, ಆಮೇಲೆ ವಸ್ತು ಮಾಡಬೇಕು ಎಂಬ ಡಿಸೈನ್ ಥಿಂಕಿಂಗ್ ಪಾಠವನ್ನು ಇಬ್ಬರೂ ನಂಬಿದ್ದರು. ಅದಕ್ಕೇ ಸಂಘಮಿತ್ರಾ ಬೇಸಿಗೆಯೆಲ್ಲ ಸಂಡೂರಿನಿಂದ ಕಂಪ್ಲಿಯವರೆಗೆ ಮನೆಮನೆ ತಿರುಗಿ ಹೆಂಗಸರ ಜೊತೆ ಕೂತು ಅವರ ಮಾತು ಕೇಳಿದ್ದಳು. "ಬಸ್ ಹತ್ತಿದ್ರ ಅವ್ರಿಗೆ ನಿದ್ದಿ ಬರತೈತಿ, ಫೋನ್ ಎಲ್ಲಿ ಮಾಡ್ತಾರ? ಇಲ್ಲಿ ನಮ್ಮ ಜೀವ ಬಾಯಿಗೆ ಬಂದಿರತೈತಿ" ಎಂದು ಎಮ್ಮಿಗನೂರಿನ ವಿರುಪಮ್ಮ ಹೇಳಿದ್ದನ್ನು ಪಂಪೇಶ್ ಕೋಣೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದ.

ಮುಂದಿನ ವಾರ ಬೆಂಗಳೂರಿನಿಂದ ಹೂಡಿಕೆದಾರರು ನೋಡಲು ಬರುವವರಿದ್ದರು. ಅದಕ್ಕೆ ಮೊದಲು, ಮನೆಯವರು ದೀಪವನ್ನು ಹೇಗೆ ಬಳಸುತ್ತಾರೆಂದು ಸುಮ್ಮನೆ ಕೂತು ನೋಡಿ ಬರಲು ಸಂಘಮಿತ್ರಾ ಬಂದಿದ್ದಳು. ನೋಡುವಾಗ ನಡುವೆ ಬಾಯಿ ಹಾಕಬಾರದೆಂಬುದು ಅವರ ನಿಯಮ.

ಅವಳು ಕಂಡದ್ದು ಅವಳಿಗೆ ಹಿತವೆನಿಸಲಿಲ್ಲ. ಮನೆಯ ಸೊಸೆ ಲಲಿತಾ ಕೈಯಲ್ಲಿದ್ದ ಕೆಲಸ ಬಿಟ್ಟು ಬಿಟ್ಟು ದೀಪ ನೋಡುತ್ತಿದ್ದಳು. ಅಂಗಡಿಗೆ ಹೋಗಿ ಬಾ ಎಂದು ಅತ್ತೆ ಚೆನ್ನಬಸಮ್ಮ ಹೇಳಿದರೆ, "ದೀಪ ಬಿಟ್ಟು ಹೆಂಗ ಹೋಗ್ಲಿ ಅತ್ತಿ?" ಎಂದಳು.

ಆಗ ದೀಪ ಕೆಂಪಾಯಿತು.

ಲಲಿತಾ ಎದ್ದು ನಿಂತಳು. ಗಂಡ ದುರುಗೇಶನಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ಮತ್ತೆ ಹಚ್ಚಿದಳು. "ಮೇಡಂರೀ, ಕೆಂಪಾದ್ರ ಏನೋ ಆಗೈತಿ ಅಂತಲ್ರೀ?"

"ಹಂಗಲ್ರಿ, ನೆಟ್‌ವರ್ಕ್ ಸಿಕ್ಕಿರಾಕಿಲ್ಲ, ಇಲ್ಲಾ ಬ್ಯಾಟರಿ..." ಸಂಘಮಿತ್ರಾಳ ದನಿ ಅವಳಿಗೇ ಸುಳ್ಳಾಗಿ ಕೇಳಿತು. ಹೊರಗೆ ಹೋಗಿ ಪಂಪೇಶನಿಗೆ ಫೋನ್ ಮಾಡಿದಳು.

"ಸಿಸ್ಟಮ್ ಸರಿ ಐತಿ ಮಿತ್ರಾ. ಉಳಿದ ಮನಿಯಾಗ ಎಲ್ಲಾ ಹಸಿರು ಆಗ್ಯಾವು. ಇವನೊಬ್ಬನೇ ಗುಂಡಿ ಒತ್ತಿಲ್ಲ."

ಅವಳು ಫೋನ್ ಇಟ್ಟಳು. ಒಳಗೆ ಬರುವಷ್ಟರಲ್ಲಿ ಅಕ್ಕಪಕ್ಕದ ಹೆಂಗಸರು ಸೇರಿದ್ದರು. ಚೆನ್ನಬಸಮ್ಮ ದೀಪದ ಕೆಳಗೆ ಕುಸಿದು ಕೂತು ಎದೆ ಹಿಡಿದುಕೊಂಡಿದ್ದಳು. ಯಾರೋ ಸಮಾಧಾನ ಹೇಳಹೋದರೆ, "ಮಿಷನ್ ಸುಳ್ಳು ಹೇಳತೈತೇನಬೇ?" ಎಂದು ಅತ್ತಳು.

ಸಂಘಮಿತ್ರಾ ನಿಯಮ ಮರೆತಳು. ದೀಪದ ವೈರು ಕಿತ್ತಳು. "ಬರ್ರಿ ಲಲಿತಾ, ನೋಡ್ಕೊಂಡು ಬರೂಣು" ಎಂದು ಸ್ಕೂಟರ್ ತೆಗೆದಳು.

ಹೊಸಪೇಟೆ ಮುಟ್ಟುವವರೆಗೂ ಹಿಂದೆ ಕೂತ ಲಲಿತಾ ಗಂಡನಿಗೆ ಫೋನ್ ಹಚ್ಚುತ್ತಲೇ ಇದ್ದಳು. ಸಂಘಮಿತ್ರಾಳ ಭುಜ ಹಿಡಿದ ಅವಳ ಇನ್ನೊಂದು ಕೈ ಬಿಗಿಯಾಗುತ್ತಿತ್ತು. ಎದುರಿಗೆ ಆಂಬುಲೆನ್ಸ್ ಒಂದು ಕೂಗುತ್ತ ಹೋದಾಗ ಸಂಘಮಿತ್ರಾ ತಿರುಗಿ ನೋಡಿದಳು, ಸ್ಕೂಟರ್ ವಾಲಿತು. ನಿಜವಾಗಿಯೂ ಏನಾದರೂ ಆಗಿದ್ದರೆ ಈ ಸುದ್ದಿಯನ್ನು ಇವರ ಮನೆಗೆ ಹೀಗೆ ತಂದವಳು ತಾನೇ ಎಂಬುದೊಂದೇ ತಲೆಯಲ್ಲಿತ್ತು.

ಕಾರ್ಖಾನೆ ಬಸ್ಸು ನಿಲ್ಲುವ ಕಡೆ ದುರುಗೇಶನ ಜೊತೆ ಕೆಲಸ ಮಾಡುವ ನಾಗೇಂದ್ರಪ್ಪ ಸಿಕ್ಕ. "ನಮ್ ಬಸ್ಸಿನಾಗ ಬಂದಾನಲ್ರೀ! ಕಾಲುವಿ ಕಡೆ ಹೋದ, ನೋಡ್ರಿ" ಎಂದ.

ಬಸವಣ್ಣ ಕಾಲುವೆಯ ಮೆಟ್ಟಿಲ ಮೇಲೆ ದುರುಗೇಶ್ ಶೂ ಬಿಚ್ಚಿಟ್ಟು, ನೀರಿನಲ್ಲಿ ಕಾಲು ಬಿಟ್ಟು ಕೂತಿದ್ದ. ಹೆಂಡತಿಯನ್ನು ಕಂಡು ಗಾಬರಿಯಿಂದ ಎದ್ದ.

"ಯಾಕ ಬಂದಿ? ಯವ್ವ ಹುಷಾರದಾಳಿಲ್ಲೋ?"

ಲಲಿತಾ ಅವನ ತೋಳು ಹಿಡಿದಳು. "ಗುಂಡಿ ಯಾಕ ಒತ್ಲಿಲ್ರಿ? ದೀಪ ಕೆಂಪಾಗಿ ಊರೇ ಸೇರೈತಿ ಮನಿಯಾಗ."

"ಕೆಂಪಾ?" ಅವನು ಸಂಘಮಿತ್ರಾಳತ್ತ ನೋಡಿದ. "ಅದು ಕೆಂಪಾಗತೈತಿ ಅಂತ ನನಗ ಯಾರು ಹೇಳ್ಯಾರ‍್ರಿ?"

ಯಾರೂ ಹೇಳಿರಲಿಲ್ಲ. ಬಸ್ಸಿಗೆ ಓಡುತ್ತಿದ್ದವನ ಕೈಗೆ ಸಂಘಮಿತ್ರಾ ಗುಂಡಿ ಕೊಟ್ಟು, ಎಲ್ಲಿ ಒತ್ತಬೇಕೆಂದಷ್ಟೇ ತೋರಿಸಿದ್ದಳು. ಕೇಳಿದ್ದೆಲ್ಲ ಕಾಯುವವರನ್ನು. ಕಾಯಿಸುವವರನ್ನು ಒಂದು ಮಾತೂ ಕೇಳಿರಲಿಲ್ಲ.

"ಮೊನ್ನಿ ಹಸಿರಾಗಿ ಭಾಳೊತ್ತಾತು, ಎಲ್ಲಿದ್ರಿ ಅಂತ ಕೇಳಿದಿ" ಎಂದ ದುರುಗೇಶ್ ಹೆಂಡತಿಗೆ. "ಅಲ್ಲಿ ಸೂಪರ್‌ವೈಸರ್ ನೋಡ್ತಿರ‍್ತಾನ, ಕ್ಯಾಮೆರಾ ನೋಡ್ತಿರ‍್ತಾವು. ಆ ಬೆಂಕಿ ಮುಂದಿಂದ ಬಂದು ಇಲ್ಲಿ ಚೂರು ಕುಂದ್ರತೀನಿ. ಫೋನೂ ಬ್ಯಾಡ ಅನ್ನಿಸತೈತಿ. ಇದಕ್ಕೂ ಲೆಕ್ಕ ಕೊಡಬೇಕಾ ಅನ್ನಿಸ್ತು, ಇವತ್ತು ಒತ್ಲಿಲ್ಲ."

"ಹೇಳಿದ್ರ ಬ್ಯಾಡ ಅಂತಿದ್ನೇನ್ರಿ?" ಲಲಿತಾ ಸೆರಗಿನಿಂದ ಮುಖ ಒರೆಸಿಕೊಂಡಳು. ಅವನು ಫೋನ್ ಆನ್ ಮಾಡಿ, "ಯವ್ವಾ, ನಾನು... ಅಳಬ್ಯಾಡ, ಬರಾಕತ್ತೀನಿ" ಎಂದ.

ಸಂಘಮಿತ್ರಾ ದೂರ ನಿಂತಿದ್ದಳು.

ಅಂದು ರಾತ್ರಿ ಕೋಣೆಯಲ್ಲಿ, ಕೆಂಪು ದೀಪ ಬೇಡ ಎಂದು ಅವಳು ಹೇಳಿದರೆ ಪಂಪೇಶ್ ಒಪ್ಪಲಿಲ್ಲ. "ಕೆಂಪು ತೆಗೆದ್ರ ಉಳಿಯೋದೇನು? ಅವ್ರು ಮೆಚ್ಚಿದ್ದೇ ಅದನ್ನ. ಬೆಂಗಳೂರಿನವ್ರ ಡೆಮೊ ಮುಗೀಲಿ, ಆಮ್ಯಾಲ ನೋಡೂಣು."

"ಆ ಮುದುಕಿ ಎದಿ ಹಿಡ್ಕೊಂಡು ಕುಂತಿದ್ದನ್ನ ನೀ ನೋಡಿಲ್ಲ ಪಂಪೇಶಾ. ನಾಳೆ ಎಲ್ಲಾ ಮನಿಯಿಂದ ದೀಪ ತಗೊಂಡು ಬರ‍್ತೀನಿ."

ಇಬ್ಬರೂ ಜಗಳವಾಡಿದರು. ಕೊನೆಗೆ ಪಂಪೇಶನೇ ಅವಳ ಜೊತೆ ಊರೂರು ತಿರುಗಿ ದೀಪಗಳನ್ನು ಇಳಿಸಿದ. ಕೆಲವು ಮನೆಗಳಲ್ಲಿ ಹೆಂಗಸರು ಕೊಡಲು ಒಪ್ಪಲಿಲ್ಲ, ಬೈದರು. ಲಲಿತಾ ಮಾತ್ರ ತಾನೇ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟಳು.

ಬೆಂಗಳೂರಿನಿಂದ ಬಂದವರಿಗೆ ನಡೆದದ್ದನ್ನೇ ಹೇಳಿದರು. ಅವರು ನಗುನಗುತ್ತ ಕೇಳಿ, ಹಂಪಿ ನೋಡಿಕೊಂಡು ಹೊರಟುಹೋದರು. ಮತ್ತೆ ಫೋನ್ ಬರಲಿಲ್ಲ. ಕೋಣೆಯನ್ನು ಇನ್ನೆಷ್ಟು ದಿನ ಇಟ್ಟುಕೊಳ್ಳಬಹುದೆಂದು ಇಬ್ಬರಿಗೂ ತಿಳಿದಿರಲಿಲ್ಲ.

ಸೋಮವಾರ ಮಧ್ಯಾಹ್ನ ಇಬ್ಬರೂ ತೋರಣಗಲ್ಲಿನ ಕಾರ್ಖಾನೆ ಗೇಟಿನ ಎದುರು, ರಸ್ತೆಯಾಚೆಯ ಚಹಾ ಅಂಗಡಿಯಲ್ಲಿ ಕೂತಿದ್ದರು. ಶಿಫ್ಟ್ ಬಿಟ್ಟಿತು. ಜನ ಹೊರಬರತೊಡಗಿದರು. ಯಾರನ್ನು ಮಾತಾಡಿಸಬೇಕು, ಏನು ಕೇಳಬೇಕು, ಅವರು ಬೈದರೆ ಏನು ಮಾಡಬೇಕು ಎಂಬುದೊಂದೂ ಸಂಘಮಿತ್ರಾಳಿಗೆ ಗೊತ್ತಿರಲಿಲ್ಲ. ಆದರೂ ಈ ಸಲ ಕಾಯಿಸುವವರ ಮಾತು ಕೇಳಲು ಎದ್ದು ಅವರ ಕಡೆ ನಡೆದಳು.