ಈಯದ ಗುಂಡುಗಳು

ದ್ವಾರಕಾನಾಥರಿಗೆ ರೈಫಲ್ ಹುಚ್ಚು ಹಿಡಿದದ್ದು ರಿಟೈರ್ ಆದ ಮೇಲೆ. ಬೇರೆಯವರಿಗೆ ಆ ವಯಸ್ಸಿನಲ್ಲಿ ಗೀತಾ ಕ್ಲಾಸೋ ಮಂಡಿನೋವೋ ಹಿಡಿಯುತ್ತದೆ. ಇವರು ಇಪ್ಪತ್ತೆಂಟು ವರ್ಷ ನ್ಯೂಜರ್ಸಿಯ ಬ್ರಿಡ್ಜ್‌ವಾಟರಿನ ಔಷಧ ಕಂಪನಿಯೊಂದರಲ್ಲಿ ಮಾತ್ರೆಗಳ ಗುಣಮಟ್ಟ ನೋಡಿಕೊಂಡಿದ್ದವರು. ಕ್ರ್ಯಾನ್‌ಬರಿಯ ಗೆಳೆಯ ಸುಬ್ಬು ಒಂದು ಶನಿವಾರ ಶೂಟಿಂಗ್ ಕ್ಲಬ್ಬಿಗೆ ಕರೆದೊಯ್ದು ಹಳೇ ಮಿಲಿಟರಿ ರೈಫಲ್ಲೊಂದನ್ನು ಕೈಗಿತ್ತಾಗಲೇ, ಕಾಗದದ ಚಕ್ರಕ್ಕೆ ದೂರದಿಂದ ತೂತು ಬೀಳಿಸುವುದರಲ್ಲಿ ಇಷ್ಟು ನೆಮ್ಮದಿ ಇದೆಯೆಂದು ಅವರಿಗೆ ತಿಳಿದದ್ದು. ಅಂಗಡಿಯ ತೋಟಾಗಳ ಬೆಲೆ ಕೇಳಿದ ಮೇಲೆ ಆ ನೆಮ್ಮದಿ ಅರ್ಧವಾಯಿತು.

ಆದ್ದರಿಂದ ಗ್ಯಾರೇಜಿನಲ್ಲಿ ಮನೆಯಡುಗೆ ಶುರುವಾಯಿತು. ಕಾರಿನ ಚಕ್ರದ ಸಮತೂಕಕ್ಕೆಂದು ಕೂರಿಸಿ, ಆಮೇಲೆ ಟೈರ್ ಅಂಗಡಿಯವರು ಕಿತ್ತೆಸೆಯುವ ಸೀಸದ ತುಂಡುಗಳನ್ನು ಬೇಡಿ ತಂದು, ಕರಗಿಸಿ, ಅಚ್ಚಿಗೆ ಹೊಯ್ಯುವುದು. ಆರಿದ ಗುಂಡುಗಳನ್ನು ಒಮ್ಮೆ ಹಾರಿಸಿದ ಹಿತ್ತಾಳೆ ಕೋಶಗಳಲ್ಲಿ ಮದ್ದು ಕಡಿಮೆ ಹಾಕಿ ಕೂರಿಸುವುದು. ಗುಂಡು ನಿಧಾನ, ಭುಜಕ್ಕೆ ಏಟಿಲ್ಲ. ಸುಬ್ಬು ಅದಕ್ಕೆ ‘ಪೆನ್ಷನ್ ತೋಟಾ’ ಎಂದು ಹೆಸರಿಟ್ಟ. ಮೈಗೆ ಏಪ್ರನ್, ಕೈಗೆ ದಪ್ಪ ಗವಸು, ಪ್ರತಿ ಡಬ್ಬಕ್ಕೂ ಬ್ಯಾಚ್ ನಂಬರು. ಇಷ್ಟು ಶ್ರದ್ಧೆಯಿಂದ ಇವರು ಒಂದು ದಿನ ಸಂಧ್ಯಾವಂದನೆ ಮಾಡಿದ್ದರೆ ತನ್ನ ಮಾವನವರು ಸ್ವರ್ಗದಲ್ಲಿ ಕುಣಿಯುತ್ತಿದ್ದರು ಎನ್ನುತ್ತಿದ್ದಳು ಹೆಂಡತಿ ನಿರುಪಮಾ.

ಆದರೆ ಗುಂಡುಗಳ ಮೈ ಸುಕ್ಕುಸುಕ್ಕು. ಬರೀ ಸೀಸ ಅಚ್ಚಿನ ಮೂಲೆಗೆ ಇಳಿಯೋದಿಲ್ಲ, ಸ್ವಲ್ಪ ತವರ ಸೇರಿಸಿದರೆ ನೀರಿನ ಹಾಗೆ ಹರಿಯುತ್ತೆ ಎಂದ ಸುಬ್ಬು. ತವರದ ಬೆಲೆ ನೋಡಿ ದ್ವಾರಕಾನಾಥರು ಲ್ಯಾಪ್‌ಟಾಪ್ ಮುಚ್ಚಿದರು. ಮುಚ್ಚಿದ ಮೇಲೆ ಅವರಿಗೆ ನೆನಪಾದದ್ದು, ಗ್ಯಾರೇಜಿನ ಮೇಲಿನ ಹಲಗೆಯಲ್ಲಿದ್ದ ಈಯದ ಚೊಂಬು.

ಈಯವೆಂದರೆ ತವರವೇ. ಮೈಸೂರಿನ ಕಡೆಯ ಹಳೇ ಮನೆಗಳಲ್ಲಿ ಸಾರು ಕುದಿಯುತ್ತಿದ್ದುದು ಅದರಲ್ಲಿ. ಈ ಚೊಂಬು ನಿರುಪಮಾಳ ತಾಯಿಯದು. ಕೋವಿಡ್ಡಿನ ಎರಡನೇ ಅಲೆಯಲ್ಲಿ ಅವರು ತೀರಿಕೊಂಡಾಗ ವಿಮಾನ ಸಿಗಲಿಲ್ಲ. ನಿರುಪಮಾ ತಾಯಿಯ ಮುಖವನ್ನು ಕೊನೆಯದಾಗಿ ಕಂಡದ್ದು ಫೋನಿನಲ್ಲಿ, ಅದೂ ನಡುನಡುವೆ ನಿಂತು ನಿಂತು. ಮರುವರ್ಷ ಅಕ್ಕ ಯಾರದೋ ಸೂಟ್‌ಕೇಸಿನಲ್ಲಿ ಚೊಂಬು ಕಳಿಸಿದಳು. ಅಂದಿನಿಂದ ಶನಿವಾರದ ಸಾರು ಅದರಲ್ಲೇ. ಈಯದ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲಿಡಬಾರದು, ಕರಗಿ ಹೋಗುತ್ತದೆ. ಅಡುಗೆಮನೆಗೆ ಕಾಲಿಟ್ಟ ಹುಡುಗಿಯರಿಗೆ ಮೊದಲು ಹೇಳಿಕೊಡುವ ಪಾಠ ಅದು. ಕಳೆದ ಯುಗಾದಿಯ ದಿನ, ಅಕ್ಕನೊಂದಿಗೆ ಫೋನಿನಲ್ಲಿ ಅಮ್ಮನ ಮಾತೇ ಆಡುತ್ತಾ ಆಡುತ್ತಾ, ನಿರುಪಮಾ ಬರಿದಾದ ಚೊಂಬನ್ನು ಕಾದ ಬರ್ನರಿನ ಮೇಲಿಟ್ಟಳು. ತಳದಲ್ಲಿ ರೂಪಾಯಿಯಗಲ ತೂತು ಬಿತ್ತು.

ಜರ್ಸಿ ಸಿಟಿಯಲ್ಲಿದ್ದ ಮಗಳು ಹಂಸಿನಿ, “ಅಮ್ಮಾ, ಜಸ್ಟ್ ಆರ್ಡರ್ ಅನದರ್ ಒನ್,” ಎಂದಳು. ನಿರುಪಮಾ ಎರಡು ದಿನ ಮಗಳ ಫೋನ್ ಎತ್ತಲಿಲ್ಲ. ಚೊಂಬನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಡಬ್ಬಕ್ಕೆ ಹಾಕಿ ಗ್ಯಾರೇಜಿನ ಹಲಗೆಯ ಮೇಲಿಟ್ಟಳು. ಡಿಸೆಂಬರಿನಲ್ಲಿ ಮೈಸೂರಿಗೆ ಒಯ್ದು ರಿಪೇರಿ ಮಾಡಿಸುತ್ತೇನೆ, ಅಕ್ಕ ಒಬ್ಬ ಕೆಲಸಗಾರನನ್ನು ಹುಡುಕಿದ್ದಾಳೆ ಎಂದು ಗಂಡನಿಗೆ ಮೂರು ಸಲ ಹೇಳಿದಳು. ಮೂರು ಸಲವೂ ಅವರು “ಹೂಂ” ಎಂದರು. ಮೂವತ್ತಾರು ವರ್ಷ ಸಂಸಾರ ಮಾಡಿದ ಗಂಡಸಿನ ಹೂಂ. ಅದಕ್ಕೂ ಕಿವಿಗೂ ಸಂಬಂಧವಿರುವುದಿಲ್ಲ.

ಅವರು ಕಂಡದ್ದು ತೂತು ಬಿದ್ದ, ಒಂದು ಕೆಜಿಗೆ ಹತ್ತಿರದ ತವರ. ಕತ್ತರಿಸಿದರು, ಸೀಸದೊಳಕ್ಕೆ ಇಳಿಬಿಟ್ಟರು. ಆ ದಿನದ ಗುಂಡುಗಳು ಬೆಳ್ಳಿಯ ಹಾಗೆ ಹೊಳೆದವು. ಒಂದರ ಮೈಯಲ್ಲೂ ಸುಕ್ಕಿಲ್ಲ. ಮುಂದಿನ ಶನಿವಾರ ಹಾರಿಸಿದವೆಲ್ಲ ಚಕ್ರದ ನಡುವಿಗೇ ಹೋದವು. ಅಂಕಲ್‌ಗೆ ಯೌವನ ಬಂತು ಎಂದು ಸುಬ್ಬು ಕ್ಲಬ್ಬಿನ ಬಿಳಿಯರಿಗೆಲ್ಲ ಸಾರಿದ. ರಿಟೈರ್ ಆದ ಮೇಲೆ ದ್ವಾರಕಾನಾಥರಿಗೆ ಅದಕ್ಕಿಂತ ಸುಖದ ಬೇಸಿಗೆ ಬಂದಿರಲಿಲ್ಲ.

ನವೆಂಬರ್ ಕೊನೆಗೆ ನಿರುಪಮಾ ಸೂಟ್‌ಕೇಸು ತೆರೆದಳು. ಅಕ್ಕನಿಗೆ ವಿಟಮಿನ್, ಅಕ್ಕನ ಮೊಮ್ಮಕ್ಕಳಿಗೆ ಚಾಕಲೇಟು. ನಡುವೆ ಜಾಗ ಬಿಟ್ಟು, “ರೀ, ಆ ಮೇಲಿನ ಡಬ್ಬ ಇಳಿಸಿಕೊಡಿ,” ಎಂದಳು.

ಆ ಕ್ಷಣ ಮೂರೂ ಹೂಂಗಳು ಒಟ್ಟಿಗೆ ಅವರ ಕಿವಿಗೆ ಬಿದ್ದವು. ನಾಳೆ ಇಳಿಸುತ್ತೇನೆ, ಬೆನ್ನು ನೋವು ಎಂದರು.

ಮಾರನೆಯ ಬೆಳಿಗ್ಗೆ ಎಂಟಕ್ಕೇ ಕ್ಲಬ್ಬಿಗೆ ಡ್ರೈವ್ ಮಾಡಿದರು. ಕಂಪನಿಯಲ್ಲಿ ಕೆಟ್ಟ ಬ್ಯಾಚೊಂದು ಹೊರಬಿದ್ದರೆ ದೇಶದ ಯಾವ ಮೂಲೆಯಿಂದಲೂ ವಾಪಸ್ ತರಿಸುತ್ತಿದ್ದವರು ಅವರು. ಅಭ್ಯಾಸ ಕಾಲನ್ನು ಎಳೆಯಿತು. ಗುರಿಫಲಕಗಳ ಹಿಂದಿನ ಮಣ್ಣಿನ ದಿಬ್ಬದೆದುರು ನಿಂತರು. ನಲವತ್ತು ವರ್ಷದಿಂದ ಯಾರ್ಯಾರೋ ಹೊಡೆದ ಸೀಸ ಅದರೊಳಗಿತ್ತು. ತಮ್ಮದು ಯಾವುದೆಂದು ಮಣ್ಣಿಗೂ ಗೊತ್ತಿರಲಿಲ್ಲ. ಸಿಕ್ಕರೂ ಮಾಡುವುದೇನು? ಸೀಸದಲ್ಲಿ ಬೆರೆತ ತವರವನ್ನು ಬೇರ್ಪಡಿಸಿ ಸಾರಿನ ಪಾತ್ರೆ ಮಾಡಲಾಗದು. ಎಂಎಸ್ಸಿ ಕೆಮಿಸ್ಟ್ರಿ ಓದಿದವರಿಗೆ ಅದನ್ನು ಬೇರೆ ಯಾರೂ ಹೇಳಬೇಕಿರಲಿಲ್ಲ.

ದಾರಿಯಲ್ಲಿ ಸುಳ್ಳುಗಳನ್ನು ಜೋಡಿಸಿದರು. ಹಳೇ ಸಾಮಾನು ಮಾರಿದ ಗ್ಯಾರೇಜ್ ಸೇಲಿನಲ್ಲಿ ತಪ್ಪಿ ಹೋಯಿತು. ಕಸದವರು ಒಯ್ದರು. ಹಂಸಿನಿ ತನ್ನ ಸಾಮಾನು ತೆಗೆದುಕೊಂಡು ಹೋದಾಗ ಅದರಲ್ಲಿ ಸೇರಿರಬೇಕು. ಮೂರನೆಯದಕ್ಕೆ ತಮಗೇ ನಾಚಿಕೆಯಾಯಿತು.

ಮನೆಗೆ ಬಂದು, ಉಳಿದ ಗುಂಡುಗಳ ಡಬ್ಬವನ್ನು ಊಟದ ಮೇಜಿನ ಮೇಲಿಟ್ಟು ಎಲ್ಲ ಹೇಳಿದರು. ಕಾರಣ ಹೇಳಲಿಲ್ಲ, ಸಮರ್ಥಿಸಲಿಲ್ಲ. ರಿಪೋರ್ಟ್ ಓದುವವರ ಹಾಗೆ ತಾರೀಖಿನಿಂದ ಶುರುಮಾಡಿದರು. ನಿರುಪಮಾ ಬೈಯಲಿಲ್ಲ. ಬೈದಿದ್ದರೆ ಅವರಿಗೆ ನಿಲ್ಲಲು ಒಂದು ಜಾಗವಿರುತ್ತಿತ್ತು. ಅವಳು ಕುರ್ಚಿ ಎಳೆದು ಕೂತಳು.

“ಕಂಠದ ಕೆಳಗೆ ಹೆಸರು ಕೆತ್ತಿತ್ತು. ನೋಡಿದ್ರಾ?”

“ನೋಡಿದೆ.”

“ಓದಿದ್ರಾ?”

ಅವರು ಓದಿದ್ದರು. ಅತ್ತೆಯ ಹೆಸರು, ಮದುವೆಯ ವರ್ಷ. ಅಕ್ಷರ ಎಷ್ಟು ಮುದ್ದಾಗಿದೆ, ಈಗಿನವರಿಗೆ ಈ ಕೈ ಎಲ್ಲಿಂದ ಬರಬೇಕು ಎಂದುಕೊಂಡು, ಆ ತುಂಡನ್ನು ಕೊನೆಯಲ್ಲಿ ಹಾಕಿದ್ದರು.

“ಓದಿದೆ,” ಎಂದರು.

ಅವಳು ತಲೆಯಾಡಿಸಿದಳು, ಪರಿಚಯವಿಲ್ಲದವರು ದಾರಿ ಹೇಳಿದಾಗ ಆಡಿಸುವಂತೆ. ಡಬ್ಬದಿಂದ ಒಂದು ಗುಂಡು ತೆಗೆದು ಅಂಗೈ ಮೇಲಿಟ್ಟುಕೊಂಡಳು. ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳಿನಿಂದ ಅದರ ನುಣುಪು ಮೈಯನ್ನು ಸುತ್ತಲೂ ಸವರಿದಳು, ಎಲ್ಲೋ ಒಂದು ಗೀರು ಉಳಿದಿರಬಹುದು ಎಂಬ ಹಾಗೆ. ಆಮೇಲೆ ಇನ್ನೊಂದು. ಮತ್ತೊಂದು. ಕಣ್ಣೊರೆಸಿಕೊಳ್ಳಲು ಅದೇ ಕೈ ಎತ್ತಿದಳು.

“ಕಣ್ಣಿಗೆ ಮುಟ್ಟಿಸ್ಬೇಡ ನಿರೂ,” ಎಂದರು ದ್ವಾರಕಾನಾಥರು. “ಸೀಸ ಅದು. ಕೈ ತೊಳ್ಕೋ.”

ಅವಳ ಕೈ ಅರ್ಧದಲ್ಲಿ ನಿಂತಿತು. ಅವರನ್ನೊಮ್ಮೆ ನೋಡಿದಳು. ಗುಂಡುಗಳನ್ನು ಒಂದೊಂದಾಗಿ ಡಬ್ಬಕ್ಕೆ ಹಾಕಿ, ಎದ್ದು ಸಿಂಕಿಗೆ ಹೋಗಿ, ಸೋಪು ಹಚ್ಚಿ ತೊಳೆಯತೊಡಗಿದಳು. ಬೆರಳ ಸಂದಿ, ಉಗುರು, ಮಣಿಕಟ್ಟು. ಮತ್ತೆ ಸೋಪು. ನೀರು ಬಿಸಿಯಾಗಿ ಹಬೆಯೇಳುತ್ತಿದ್ದರೂ ನಲ್ಲಿ ನಿಲ್ಲಿಸಲಿಲ್ಲ.