ಕಪ್ಪು ಕಿಟಕಿಯ ಕಾವಲು

"ಸುಮ್ನೆ ನೋಡ್ತಾ ಕೂತ್ರೆ ಏನು ಸವೆದುಹೋಗುತ್ತೆ?"

ಮಹದೇವ್ ಕಂಪ್ಯೂಟರಿನ ಪರದೆಯನ್ನು ದಿಟ್ಟಿಸುತ್ತ ಕೇಳಿದರು. ಯಾರನ್ನೂ ಕೇಳಿದ್ದಲ್ಲ.

ಮಾರೇನಹಳ್ಳಿಯ ಆ ಪುಟ್ಟ ರೆಕಾರ್ಡಿಂಗ್ ಕೋಣೆ ಅವರದು. ನೀಲಗಂಗಮ್ಮನವರ ಕಾವ್ಯವಾಚನ ಸಿ.ಡಿ.ಯಾಗಬೇಕಿತ್ತು. ನಾನು ಶ್ರುತಿಪೆಟ್ಟಿಗೆ ಹಿಡಿದು ಕೂತಿದ್ದೆ. ಕಂಪ್ಯೂಟರ್ ನೋಡಿಕೊಳ್ಳುವವಳು ಶಿಲ್ಪಾ, ಬಾಗಲಕೋಟೆ ಕಡೆಯ ಹುಡುಗಿ.

ಹಿಂದಿನ ವಾರ, ಇಲ್ಲೇ ರೆಕಾರ್ಡ್ ಆಗಿ ಇನ್ನೂ ಬಿಡುಗಡೆಯಾಗದ ಭಕ್ತಿಗೀತೆಗಳ ಸಿ.ಡಿ.ಯೊಂದರ ನಕಲು ವಿಜಯನಗರದ ಫುಟ್‌ಪಾತಿನಲ್ಲಿ ಸಿಕ್ಕಿತ್ತು. ಅವತ್ತಿನಿಂದ ಮಹದೇವ್ ಕಣ್ಣು ಶಿಲ್ಪಾಳ ಮೇಲೆ. ರೆಕಾರ್ಡಿಂಗ್ ನಡೆಯುವಾಗಲೇ ಹಿಂದಿನಿಂದ ನಕಲು ಮಾಡುತ್ತಾಳೆ ಎಂದು ನನ್ನ ಕಿವಿಯಲ್ಲಿ ಹೇಳಿದ್ದರು. ಯಾರಿಂದಲೋ ಒಂದು ಕಮಾಂಡ್ ಕಲಿತು ಬಂದಿದ್ದರು. ಅದನ್ನು ಟೈಪ್ ಮಾಡಿದರೆ ಕಪ್ಪು ಕಿಟಕಿ ತೆರೆದು, ಯಂತ್ರದೊಳಗೆ ಏನೇನು ಓಡುತ್ತಿದೆ, ಯಾವುದು ಎಷ್ಟು ಶಕ್ತಿ ತಿನ್ನುತ್ತಿದೆ ಎಂಬುದೆಲ್ಲ ಸಾಲಾಗಿ ಬರುತ್ತಿತ್ತು. ಕೆಲವು ಸೆಕೆಂಡಿಗೊಮ್ಮೆ ಹೊಸದಾಗುತ್ತಿತ್ತು.

ಮಹದೇವ್‌ಗೆ ಅಷ್ಟು ಸಾಲಲಿಲ್ಲ. ಅವರ ಮನೆಯಲ್ಲಿ ಶ್ರಾವಣಕ್ಕೆ ಅಖಂಡ ಪಾರಾಯಣ. ಒಬ್ಬರ ಉಸಿರು ಮುಗಿಯುವ ಮುನ್ನ ಇನ್ನೊಬ್ಬರು ಸಾಲನ್ನು ಎತ್ತಿಕೊಳ್ಳಬೇಕು, ಸಂದಿ ಬಿದ್ದರೆ ಮತ್ತೆ ಮೊದಲಿಂದ. ಇಲ್ಲಿಯೂ ಆ ಸಂದಿಯಲ್ಲೇ ಕದ್ದರೆ? ಸಾಲುಗಳು ಹೊಸದಾಗುವ ನಡುವಿನ ಬಿಡುವನ್ನು ಸೊನ್ನೆ ಮಾಡಿಟ್ಟರು. ಸಮಾಧಾನವಾಗದೆ ಅಂಥವೇ ಇನ್ನೂ ನಾಲ್ಕಾರು ಕಿಟಕಿ ತೆರೆದರು. ಇಷ್ಟೊಂದು ಬೇಡ, ಭಾರವಾಗುತ್ತದೆ ಎಂದು ಶಿಲ್ಪಾ ಹೇಳಿದ್ದರಿಂದಲೇ ಅವರ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ವಾಚನ ಮುಗಿಸಿ ಕೇಳಿದರೆ ಪದ್ಯ ಅಲ್ಲಲ್ಲಿ ತುಂಡಾಗಿತ್ತು. ರಾಗ ಏರುವಲ್ಲೆಲ್ಲ ಒಂದೊಂದು ಅಕ್ಷರ ಮಾಯ. ನೀಲಗಂಗಮ್ಮ ಅಕ್ಷರ ನುಂಗುವವರಲ್ಲ.

"ನೋಡಿದ್ರಾ, ನಕಲು ನಡೀತಾ ಇದೆ, ಅದಕ್ಕೇ ತುಂಡಾಗಿದೆ," ಎಂದರು ಮಹದೇವ್. "ನಾಳೆಯಿಂದ ನೀನು ಬರಬೇಡಮ್ಮ."

ಶಿಲ್ಪಾ ಪರದೆಯ ಮೇಲೆ ಬೆರಳಿಟ್ಟಳು. "ಇಲ್ಲಿ ಓದ್ರಿ ಸರ್. ಎಲ್ಲಕ್ಕಿಂತ ಹೆಚ್ಚ ತಿನ್ನಾಕತ್ತಿದ್ದು ಯಾವ್ದು?"

ಪಟ್ಟಿಯ ತುದಿಯಲ್ಲಿದ್ದವೆಲ್ಲ ಅವರೇ ಟೈಪ್ ಮಾಡಿದ ಕಮಾಂಡಿನ ಹೆಸರುಗಳು. ರೆಕಾರ್ಡಿಂಗಿಗೆ ಅವು ಶಕ್ತಿಯನ್ನೇ ಉಳಿಸಿರಲಿಲ್ಲ. ಅವಳು ಒಂದೊಂದಾಗಿ ಮುಚ್ಚಿದಳು. ನೀಲಗಂಗಮ್ಮ ಅದೇ ಪದ್ಯವನ್ನು ಮತ್ತೆ ಓದಿದರು. ಈ ಸಲ ಒಂದಕ್ಷರವೂ ಕಾಣೆಯಾಗಲಿಲ್ಲ.

"ಕಾವಲಿಗೆ ಬಂದೋರೇ ನಮ್ಮ ಅಡುಗೇನೆಲ್ಲ ತಿಂದ್ಬಿಟ್ರು ಕಣಪ್ಪ," ಎಂದು ನೀಲಗಂಗಮ್ಮ ನಕ್ಕರು.

ಮಹದೇವ್ ನಗಲಿಲ್ಲ. ಫುಟ್‌ಪಾತಿನ ಸಿ.ಡಿ. ಇನ್ನೂ ಮೇಜಿನ ಮೇಲೆಯೇ ಇತ್ತು. ಕೆಲಸ ಬಿಡುವುದೇನೂ ಬೇಡ ಎಂದು ದನಿ ತಗ್ಗಿಸಿದರು. "ಒಂದೇ ಒಂದು ಕಿಟಕಿ ಇರ್ಲಮ್ಮ, ಮೂಲೇಲಿ. ನಿಧಾನಕ್ಕೆ ಓಡ್ಲಿ. ಅಷ್ಟಕ್ಕೆ ಏನೂ ಆಗಲ್ಲ ತಾನೇ?"

"ಮಷಿನ್‌ಗೆ ಏನೂ ಆಗಂಗಿಲ್ರಿ," ಎಂದಳು ಶಿಲ್ಪಾ, ಬ್ಯಾಗನ್ನು ಹೆಗಲಿಗೇರಿಸುತ್ತ. "ಆದ್ರ ಆ ಕಿಟಕಿ ತೆರಕೊಂಡಿದ್ರ ನಾ ಇಲ್ಲಿ ಕುಂದ್ರಂಗಿಲ್ಲ."